ಶಿಫಾರಸು ಮತ್ತು ಲಭ್ಯತೆ: ಗೀಳು ಮನೋರೋಗದ ವರ್ತನಾ ಚಿಕಿತ್ಸೆಯ ಚರಿತ್ರೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರಗಳ ಕಾಲಾನುಕ್ರಮವನ್ನು ಅನುಸರಿಸುತ್ತಾರೆ. ಯಾವ ರೋಗವನ್ನು ಯಾರು ಮೊದಲು ಗುರುತಿಸಿದರು, ಅದರ ಚಿಕಿತ್ಸೆಯನ್ನು ಯಾರು ಕಂಡುಕೊಂಡರು, ಅದು ಎಂದು ರುಜುವಾತಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಲ್ಲಿಗೆ ಆ ಚರಿತ್ರೆ ಮುಗಿಯುತ್ತದೆ. ರೋಗಿಯ ಕಡೆಯಿಂದ ನೋಡಿದರೆ ಚರಿತ್ರೆ ಆರಂಭವಾಗುವುದೇ ಅಲ್ಲಿಂದ. ರುಜುವಾತಾದ ಚಿಕಿತ್ಸೆ ತನ್ನ ಊರಿಗೆ ಎಂದು ಬಂದಿತು, ಅದನ್ನು ಕೊಡಬಲ್ಲವರು ಯಾರು, ಅದಕ್ಕಾಗಿ ಎಷ್ಟು ಕಾಲ ಕಾಯಬೇಕಾಯಿತು ಎಂಬುವು ಅವನ ಪ್ರಶ್ನೆಗಳು. ಗೀಳು ಮನೋರೋಗಕ್ಕೆ ಶಿಫಾರಸಾಗಿರುವ ಮನೋವೈಜ್ಞಾನಿಕ ಚಿಕಿತ್ಸೆಯನ್ನು ಆಧಾರವಾಗಿಟ್ಟುಕೊಂಡು ಈ ಎರಡನೆಯ ಬಗೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಚಿಕಿತ್ಸೆ ರೂಪುಗೊಂಡದ್ದೂ ಅದರ ಲಭ್ಯತೆಯ ಪ್ರಶ್ನೆ ಸಾರ್ವಜನಿಕ ನೀತಿಯಾಗಿ ಬೆಳೆದದ್ದೂ ಪ್ರಧಾನವಾಗಿ ಇಂಗ್ಲೆಂಡಿನಲ್ಲಿ. ಆದುದರಿಂದ ಅಲ್ಲಿನ ಅನುಭವವನ್ನು ಮೊದಲು ನೋಡಿ, ಅನಂತರ ಭಾರತದಲ್ಲಿ ಈ ವಿದ್ಯೆಯ ಮುಖ್ಯ ನೆಲೆಗಳಲ್ಲೊಂದಾದ ಬೆಂಗಳೂರಿನ ಕಡೆಗೆ ಬರಲಾಗಿದೆ.

1. ರೋಗದ ಸ್ವರೂಪ

ಮನಸ್ಸಿಗೆ ಬೇಡವೆಂದರೂ ಮತ್ತೆ ಮತ್ತೆ ನುಗ್ಗಿಬರುವ ಆಲೋಚನೆ, ಚಿತ್ರ ಅಥವಾ ಪ್ರಚೋದನೆಯನ್ನು ಗೀಳು ಎನ್ನುತ್ತೇವೆ. ಅದು ಹುಟ್ಟಿಸುವ ಆತಂಕವನ್ನು ತಣಿಸಲು ರೋಗಿ ಮಾಡಲೇಬೇಕೆನಿಸುವ ಕೆಲಸ ಒತ್ತಾಯದ ಕ್ರಿಯೆ. ಕೈ ತೊಳೆಯುವುದು, ಬಾಗಿಲ ಚಿಲಕವನ್ನು ಪರೀಕ್ಷಿಸುವುದು, ಎಣಿಸುವುದು, ಮನಸ್ಸಿನಲ್ಲೇ ಪ್ರಾರ್ಥನೆಯನ್ನು ಪುನರುಚ್ಚರಿಸುವುದು ಇವೆಲ್ಲ ಅದರ ರೂಪಗಳು. ತಾನು ಮಾಡುತ್ತಿರುವುದು ಅತಿಯಾಯಿತೆಂಬ ಅರಿವು ಬಹುಪಾಲು ರೋಗಿಗಳಿಗೆ ಇರುತ್ತದೆ. ಆ ಅರಿವೇ ನಾಚಿಕೆಗೂ, ನಾಚಿಕೆ ಮರೆಮಾಚುವಿಕೆಗೂ ಕಾರಣವಾಗುತ್ತದೆ. ಕೈ ತೊಳೆಯುವವರು ಹೇಗೋ ಮನೆಯವರ ಕಣ್ಣಿಗೆ ಬೀಳುತ್ತಾರೆ. ಆದರೆ ಮಗುವಿಗೆ ತಾನೇ ಅಪಾಯ ಮಾಡಿಬಿಡುವೆನೇನೋ ಎಂಬ ಆಲೋಚನೆಯಿಂದ ನರಳುವ ತಾಯಿ, ದೇವರ ಎದುರು ನಿಂತಾಗಲೇ ದೈವನಿಂದೆಯ ಮಾತು ಮನಸ್ಸಿಗೆ ಬರುವ ಭಕ್ತ ಇವರು ತಮ್ಮ ಬಾಧೆಯನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಕಳೆಯಬಹುದು.

ಮಡಿ ಮೈಲಿಗೆಗಳ ಆಚಾರ ಬಲವಾಗಿರುವ ನಮ್ಮಂಥ ಸಮಾಜದಲ್ಲಿ ಇನ್ನೊಂದು ತೊಡಕಿದೆ. ಆಚಾರಕ್ಕೆ ಸಮುದಾಯ ಒಪ್ಪಿದ ಒಂದು ಮಿತಿಯಿರುತ್ತದೆ: ಸ್ನಾನವಾಯಿತೆಂದರೆ ಮಡಿಯಾಯಿತು. ರೋಗಕ್ಕೆ ಆ ಮಿತಿಯಿಲ್ಲ. ಹತ್ತು ಬಾರಿ ಸ್ನಾನ ಮಾಡಿದರೂ ಆಯಿತೆಂಬ ಭಾವ ಮೂಡುವುದಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ‘ಅವರು ಸ್ವಲ್ಪ ಮಡಿ ಜಾಸ್ತಿ’ ಎಂಬ ಮಾತಿನಲ್ಲಿ ಒಂದು ಕಾಯಿಲೆ ದಶಕಗಳ ಕಾಲ ಮರೆಯಾಗಿ ಉಳಿಯಬಲ್ಲದು.

ಈ ಮರೆಮಾಚುವಿಕೆಗೆ ವಿದ್ವತ್ತೂ ತನ್ನ ಪಾಲನ್ನು ಸಲ್ಲಿಸಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಈ ರೋಗ ಹತ್ತು ಸಾವಿರ ಜನರಲ್ಲಿ ಐದು ಮಂದಿಗೆ ಬರುವ ಅಪರೂಪದ ಕಾಯಿಲೆ ಎಂಬ ಅಂದಾಜು ಪಠ್ಯಗಳಲ್ಲಿ ಚಲಾವಣೆಯಲ್ಲಿತ್ತು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದುದರ ಫಲವದು. ಅಮೆರಿಕದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಫಲಿತಾಂಶ 1980ರ ದಶಕದಲ್ಲಿ ಪ್ರಕಟವಾದಾಗ, ಜೀವಿತಾವಧಿಯಲ್ಲಿ ನೂರಕ್ಕೆ ಎರಡರಿಂದ ಮೂರು ಮಂದಿಗೆ ಇದು ತಗಲಬಹುದೆಂದು ತಿಳಿದುಬಂದಿತು. ಹಳೆಯ ಅಂದಾಜಿಗಿಂತ ಇದು ಹತ್ತಾರು ಪಟ್ಟು ಹೆಚ್ಚು. ಅಪರೂಪವೆಂದು ಎಣಿಸಿದ ರೋಗಕ್ಕೆ ಯಾವ ಸರ್ಕಾರವೂ ಸೇವೆಯನ್ನು ಯೋಜಿಸುವುದಿಲ್ಲ. ಲಭ್ಯತೆಯ ಕೊರತೆಯ ಮೊದಲ ಬೇರು ಎಣಿಕೆಯ ಈ ತಪ್ಪಿನಲ್ಲಿಯೇ ಇದೆ.

2. 1966ರ ಪ್ರಯೋಗ

ಫ್ರೆಂಚ್ ವೈದ್ಯ ಎಸ್ಕಿರೋಲ್ 1838ರ ತನ್ನ ಗ್ರಂಥದಲ್ಲಿ ಇಂಥ ರೋಗಿಯೊಬ್ಬಳನ್ನು ವರ್ಣಿಸಿದ್ದಾನೆ. ಜರ್ಮನಿಯ ವೆಸ್ಟ್‌ಫಾಲ್ 1877ರಲ್ಲಿ ಗೀಳಿನ ಲಕ್ಷಣವನ್ನು ಖಚಿತವಾಗಿ ನಿರೂಪಿಸಿದ. ಪಿಯರ್ ಜಾನೆ 1903ರಲ್ಲಿ ಈ ವಿಷಯದ ಬೃಹತ್ ಗ್ರಂಥವನ್ನು ಹೊರತಂದ. ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ‘ಇಲಿ ಮನುಷ್ಯ’ನ ವೃತ್ತಾಂತವಂತೂ ಮನೋವಿಶ್ಲೇಷಣೆಯ ಮಾದರಿ ಪ್ರಕರಣವಾಯಿತು. ಆದರೆ ವರ್ಣನೆ ಎಷ್ಟು ಸಮೃದ್ಧವಾಗಿತ್ತೋ ಉಪಶಮನ ಅಷ್ಟೇ ಬಡವಾಗಿತ್ತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ತೀವ್ರ ರೋಗಿಗಳ ಮಿದುಳಿನ ಶಸ್ತ್ರಚಿಕಿತ್ಸೆಗೂ ವೈದ್ಯರು ಕೈಹಾಕಿದ್ದರೆಂಬುದು ಆ ಕಾಲದ ನಿರುಪಾಯತೆಯನ್ನು ಸೂಚಿಸುತ್ತದೆ.

ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನೋವಿಜ್ಞಾನಿ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ಪ್ರಬಂಧ ಈ ಸ್ಥಿತಿಯನ್ನು ಬದಲಿಸಿತು. ಅದರಲ್ಲಿದ್ದವರು ಇಬ್ಬರೇ ರೋಗಿಗಳು. ಒಬ್ಬರಿಗೆ ಕೊಳಕಿನ ಭಯ ಮತ್ತು ಶುಚಿಗೊಳಿಸುವ ಒತ್ತಾಯ. ಮತ್ತೊಬ್ಬರಿಗೆ ದೈವನಿಂದೆಯ ಆಲೋಚನೆ ಮತ್ತು ಅದಕ್ಕೆ ಪ್ರತಿಯಾಗಿ ಕ್ರಿಯೆಗಳನ್ನು ಪುನರಾವರ್ತಿಸುವ ಒತ್ತಾಯ. ಮೇಯರ್ ಮಾಡಿದುದು ಹೇಳಿಕೊಳ್ಳಲು ಸರಳ: ರೋಗಿ ಹೆದರುವ ಸನ್ನಿವೇಶಕ್ಕೆ ಅವರನ್ನು ಒಡ್ಡಬೇಕು, ಆದರೆ ಆತಂಕವನ್ನು ತಣಿಸುವ ಕ್ರಿಯೆಗೆ ಅವಕಾಶ ಕೊಡಬಾರದು. ಕ್ರಿಯೆ ಮಾಡದೆಯೂ ತಾನು ಹೆದರಿದ ಅನಾಹುತ ಘಟಿಸಲಿಲ್ಲ, ಆತಂಕ ಸಹಿಸಲಾಗದ್ದಲ್ಲ ಎಂಬುದನ್ನು ರೋಗಿ ತನ್ನ ಅನುಭವದಿಂದಲೇ ಕಲಿಯಬೇಕು. ಇದನ್ನೇ ಇಂದು ‘ಒಡ್ಡುವಿಕೆ ಮತ್ತು ಪ್ರತಿಕ್ರಿಯೆ ತಡೆ’ ಚಿಕಿತ್ಸೆ ಎನ್ನುತ್ತೇವೆ. ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್ ಎಂಬುದು ಅದರ ಇಂಗ್ಲಿಷ್ ಹೆಸರು, ಇ.ಆರ್.ಪಿ. ಎಂಬುದು ಸಂಕ್ಷೇಪ.

ಈ ಪ್ರಬಂಧದ ಒಂದು ಅಂಶ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ರೋಗಿಗಳು ಎಚ್ಚರವಿರುವಷ್ಟು ಹೊತ್ತೂ ಅವರ ಬಳಿ ಇದ್ದು, ಕ್ರಿಯೆಯಿಂದ ಅವರನ್ನು ತಡೆಯುತ್ತಿದ್ದವರು ಆಸ್ಪತ್ರೆಯ ದಾದಿಯರು. ಸಿದ್ಧಾಂತ ಮನೋವಿಜ್ಞಾನಿಯದು; ಅದನ್ನು ಗಂಟೆಗಟ್ಟಲೆ ನಡೆಸಿದ ಕೈಗಳು ದಾದಿಯರವು. 1974ರಲ್ಲಿ ಮೇಯರ್ ಮತ್ತು ಸಹೋದ್ಯೋಗಿಗಳು 15 ರೋಗಿಗಳ ವರದಿಯನ್ನು ಪ್ರಕಟಿಸಿದಾಗ ಅವರಲ್ಲಿ 10 ಮಂದಿ ಬಹುಮಟ್ಟಿಗೆ ಅಥವಾ ಸಂಪೂರ್ಣವಾಗಿ ಗುಣಮುಖರಾಗಿದ್ದರು. ಅದೇ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರಾಕ್‌ಮನ್, ಹಾಡ್ಜ್‌ಸನ್ ಮತ್ತು ಮಾರ್ಕ್ಸ್ ಅವರೂ, ಅಮೆರಿಕದಲ್ಲಿ ಎಡ್ನಾ ಫೋವಾ ಅವರೂ ಈ ವಿಧಾನವನ್ನು ವ್ಯವಸ್ಥಿತ ಪರೀಕ್ಷೆಗಳಿಗೆ ಒಳಪಡಿಸಿ ಗಟ್ಟಿಗೊಳಿಸಿದರು.

3. ಮಾತ್ರೆ ಮತ್ತು ಮನುಷ್ಯ

ಇದೇ ಕಾಲದಲ್ಲಿ ಔಷಧದ ಹಾದಿಯೂ ತೆರೆಯುತ್ತಿತ್ತು. ಕ್ಲೋಮಿಪ್ರಮಿನ್ ಎಂಬ ಖಿನ್ನತೆಯ ಔಷಧ ಗೀಳನ್ನೂ ತಗ್ಗಿಸುತ್ತದೆಂಬ ವರದಿಗಳು 1960ರ ದಶಕದ ಕೊನೆಯಲ್ಲಿ ಸ್ಪೇನಿನಿಂದ ಬಂದವು. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ರೋಗಕ್ಕೆ ಅದನ್ನು ಅನುಮೋದಿಸಿತು. ಅದರ ಬೆನ್ನಲ್ಲೇ ಫ್ಲುವಾಕ್ಸೆಟಿನ್ ಮೊದಲಾದ, ಹೆಚ್ಚು ಸಹ್ಯವಾದ ಔಷಧಗಳು ಬಂದವು. ಇವು ಲಕ್ಷಾಂತರ ಜನರಿಗೆ ಉಪಶಮನ ನೀಡಿವೆ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಔಷಧವನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ.

2005ರಲ್ಲಿ ಪ್ರಕಟವಾದ ಫೋವಾ ಮತ್ತು ಸಹೋದ್ಯೋಗಿಗಳ ಅಧ್ಯಯನ ಎರಡನ್ನೂ ಎದುರುಬದುರಾಗಿ ತೂಗಿತು. ಚಿಕಿತ್ಸೆಗೆ ಸ್ಪಂದಿಸಿದವರ ಪ್ರಮಾಣ ಇ.ಆರ್.ಪಿ. ಪಡೆದವರಲ್ಲಿ ಶೇಕಡ 62, ಕ್ಲೋಮಿಪ್ರಮಿನ್ ಪಡೆದವರಲ್ಲಿ ಶೇಕಡ 42, ಎರಡನ್ನೂ ಪಡೆದವರಲ್ಲಿ ಶೇಕಡ 70, ಹುಸಿಮಾತ್ರೆ ಪಡೆದವರಲ್ಲಿ ಶೇಕಡ 8. ಮನೋವೈಜ್ಞಾನಿಕ ಚಿಕಿತ್ಸೆ ಔಷಧಕ್ಕೆ ಸರಿಸಮಾನವೆಂಬುದಕ್ಕೆ, ನುರಿತವರ ಕೈಯಲ್ಲಿ ಅದಕ್ಕಿಂತ ಮಿಗಿಲಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆಯನ್ನು ಕೇಳುವಂತಿಲ್ಲ.

ಆದರೆ ಪುರಾವೆಯ ಬಲ ಮತ್ತು ಪ್ರಸಾರದ ವೇಗ ಬೇರೆ ಬೇರೆ. ಮಾತ್ರೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ, ಪೆಟ್ಟಿಗೆಯಲ್ಲಿ ತುಂಬಿ, ಲಾರಿಯಲ್ಲಿ ಕಳುಹಿಸಬಹುದು. ಅದನ್ನು ಮಾರುವ ಕಂಪನಿಗೆ ಪ್ರತಿನಿಧಿಗಳಿದ್ದಾರೆ. ಭಾರತದಲ್ಲಿ 1970ರ ಪೇಟೆಂಟ್ ಕಾಯಿದೆಯು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿದ್ದುದರಿಂದ, ಹೊಸ ಔಷಧಗಳನ್ನು ಇಲ್ಲಿನ ಕಂಪನಿಗಳೇ ಅಗ್ಗದ ಬೆಲೆಗೆ ತಯಾರಿಸಲು ಸಾಧ್ಯವಾಯಿತು. ಹೀಗೆ ತಾಲ್ಲೂಕಿನ ಔಷಧದಂಗಡಿಯವರೆಗೆ ಮಾತ್ರೆ ತಲುಪಿತು. ಇ.ಆರ್.ಪಿ. ಹಾಗೆ ತಲುಪುವ ವಸ್ತುವಲ್ಲ. ಅದು ತರಬೇತಾದ ವ್ಯಕ್ತಿಯೊಬ್ಬನ ಸಮಯ. ಆ ವ್ಯಕ್ತಿ ಎಲ್ಲಿ ವಾಸಿಸಲು ಒಪ್ಪುತ್ತಾನೋ ಚಿಕಿತ್ಸೆಯೂ ಅಲ್ಲಿಯೇ ವಾಸಿಸುತ್ತದೆ. ಆದುದರಿಂದ ಈ ಚಿಕಿತ್ಸೆಯ ಲಭ್ಯತೆಯ ಚರಿತ್ರೆಯೆಂದರೆ, ಅದನ್ನು ಮಾಡುವ ಅಧಿಕಾರ ಯಾರಿಗಿದೆ, ಅವರನ್ನು ಯಾರು ತಯಾರು ಮಾಡಿದರು, ಎಷ್ಟು ಮಂದಿಯನ್ನು ಮಾಡಿದರು ಎಂಬುದರ ಚರಿತ್ರೆ.

4. ಇಂಗ್ಲೆಂಡಿನ ಅನುಭವ

ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವರಲ್ಲಿ ಮಾಡ್ಸ್‌ಲಿಯ ಮನೋವೈದ್ಯ ಐಸಾಕ್ ಮಾರ್ಕ್ಸ್ ಮುಖ್ಯರು. ಮನೋವೈದ್ಯರೂ ಮನೋವಿಜ್ಞಾನಿಗಳೂ ಎಂದಿಗೂ ಸಾಕಾಗುವಷ್ಟು ಇರುವುದಿಲ್ಲವೆಂಬುದನ್ನು ಮನಗಂಡು ಅವರು 1972ರಲ್ಲಿ ದಾದಿಯರಿಗೆ ವರ್ತನಾ ಚಿಕಿತ್ಸೆಯ ತರಬೇತಿಯನ್ನು ಆರಂಭಿಸಿದರು. ಮೊದಲ ತಂಡದಲ್ಲಿದ್ದವರು ಐದು ಮಂದಿ. ಭೀತಿರೋಗ ಮತ್ತು ಗೀಳಿನ ರೋಗಿಗಳಲ್ಲಿ ಅವರು ಸಾಧಿಸಿದ ಫಲ ಮನೋವೈದ್ಯರು, ಮನೋವಿಜ್ಞಾನಿಗಳು ಸಾಧಿಸಿದ್ದಕ್ಕೆ ಸಮನಾಗಿತ್ತೆಂದು 1977ರಲ್ಲಿ ಹೊರಬಂದ ಅವರ ಗ್ರಂಥ ತೋರಿಸಿತು. ಮೇಯರ್ ಅವರ ವಾರ್ಡಿನಲ್ಲಿ ಸಹಾಯಕರಾಗಿದ್ದ ದಾದಿಯರು ಇಲ್ಲಿ ಸ್ವತಂತ್ರ ಚಿಕಿತ್ಸಕರಾದರು. ಈ ಚಿಕಿತ್ಸೆಯ ಚರಿತ್ರೆಯಲ್ಲಿ ಲಭ್ಯತೆಯ ಬಾಗಿಲು ಮೊದಲ ಬಾರಿಗೆ ಅಗಲವಾದುದು ಹೊಸ ಸಿದ್ಧಾಂತದಿಂದಲ್ಲ, ಈ ಆಡಳಿತಾತ್ಮಕ ಧೈರ್ಯದಿಂದ.

ಎರಡನೆಯ ಘಟ್ಟ ಮಾರ್ಗಸೂಚಿಗಳದು. 1999ರಲ್ಲಿ ಸ್ಥಾಪಿತವಾದ, ನೈಸ್ ಎಂಬ ಸಂಕ್ಷೇಪನಾಮದಿಂದ ಪ್ರಸಿದ್ಧವಾದ ರಾಷ್ಟ್ರೀಯ ಸಂಸ್ಥೆ 2005ರ ನವೆಂಬರ್‌ನಲ್ಲಿ ಗೀಳು ಮನೋರೋಗದ ಚಿಕಿತ್ಸಾ ಮಾರ್ಗಸೂಚಿಯನ್ನು ಪ್ರಕಟಿಸಿತು. ಸೌಮ್ಯ ತೊಂದರೆಯುಳ್ಳ ವಯಸ್ಕರಿಗೆ ಇ.ಆರ್.ಪಿ.ಯನ್ನು ಒಳಗೊಂಡ, ಚಿಕಿತ್ಸಕನ ಹತ್ತು ಗಂಟೆಯವರೆಗಿನ ಕಿರು ಚಿಕಿತ್ಸೆ. ಮಧ್ಯಮ ತೊಂದರೆಯುಳ್ಳವರಿಗೆ ಹತ್ತು ಗಂಟೆಗೂ ಮೀರಿದ ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ ಅಥವಾ ಔಷಧ, ಆಯ್ಕೆ ರೋಗಿಯದು. ತೀವ್ರ ತೊಂದರೆಯುಳ್ಳವರಿಗೆ ಎರಡೂ ಕೂಡಿ. ಹೀಗೆ ಹಂತಹಂತದ ಆರೈಕೆಯ ಕ್ರಮವನ್ನು ಅದು ವಿಧಿಸಿತು.

ಇಲ್ಲಿ ಶಿಫಾರಸು ಎಂಬ ಪದದ ಅರ್ಥವನ್ನು ಸ್ವಲ್ಪ ಸೂಕ್ಷ್ಮವಾಗಿ ಪರಿಶೀಲಿಸಬೇಕು. ನೈಸ್ ಸಂಸ್ಥೆ ಎರಡು ಬಗೆಯ ದಾಖಲೆಗಳನ್ನು ಹೊರಡಿಸುತ್ತದೆ. ನಿರ್ದಿಷ್ಟ ಔಷಧ ಅಥವಾ ಸಾಧನವನ್ನು ತೂಗಿ ನೀಡುವ ತಂತ್ರಜ್ಞಾನ ಮೌಲ್ಯಮಾಪನ ಒಂದು. ಒಂದು ರೋಗದ ಸಮಗ್ರ ಚಿಕಿತ್ಸೆಯನ್ನು ಕುರಿತ ಮಾರ್ಗಸೂಚಿ ಇನ್ನೊಂದು. ಮೊದಲನೆಯದರಲ್ಲಿ ಶಿಫಾರಸಾದುದಕ್ಕೆ ಹಣ ಒದಗಿಸುವುದು 2002ರಿಂದ ಆರೋಗ್ಯ ಸೇವೆಯ ಶಾಸನಬದ್ಧ ಕರ್ತವ್ಯ. ಎರಡನೆಯದಕ್ಕೆ ಆ ಬಲವಿಲ್ಲ. ಅದು ಉತ್ತಮ ವೃತ್ತಿಕ್ರಮದ ಸೂಚನೆ. ಗೀಳಿನ ಮನೋವೈಜ್ಞಾನಿಕ ಚಿಕಿತ್ಸೆ ಎರಡನೆಯ ಬಗೆಯ ದಾಖಲೆಯಲ್ಲಿ ಇದೆ. 2006ರಲ್ಲಿ ಕಂಪ್ಯೂಟರ್ ಮೂಲಕ ನೀಡುವ ಚಿಕಿತ್ಸೆಗಳನ್ನು ಮೊದಲನೆಯ ಬಗೆಯ ಮೌಲ್ಯಮಾಪನಕ್ಕೆ ಒಳಪಡಿಸಿದಾಗ ಖಿನ್ನತೆ ಮತ್ತು ಭೀತಿರೋಗಗಳ ತಲಾ ಒಂದು ಕಾರ್ಯಕ್ರಮ ಅಂಗೀಕಾರ ಪಡೆಯಿತು. ಗೀಳಿಗಾಗಿ ಸಿದ್ಧಪಡಿಸಿದ್ದ ಕಾರ್ಯಕ್ರಮ ಪಡೆಯಲಿಲ್ಲ. ಹೀಗಾಗಿ ಗೀಳಿನ ರೋಗಿಗೆ ಚಿಕಿತ್ಸೆ ಒಳ್ಳೆಯದೆಂಬ ರಾಷ್ಟ್ರೀಯ ಘೋಷಣೆ ದೊರೆಯಿತು, ಅದನ್ನು ಕೇಳಿ ಪಡೆಯುವ ಹಕ್ಕು ದೊರೆಯಲಿಲ್ಲ.

ಈ ಅಂತರವನ್ನು ತುಂಬಲು ಕೈಗೊಂಡ ದೊಡ್ಡ ಪ್ರಯತ್ನವೆಂದರೆ ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯರ್ಡ್ ಮತ್ತು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಅವರ ಪ್ರೇರಣೆಯಿಂದ 2008ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಮನೋಚಿಕಿತ್ಸಾ ಕಾರ್ಯಕ್ರಮ. ಡಾನ್‌ಕಾಸ್ಟರ್ ಮತ್ತು ನ್ಯೂಹ್ಯಾಮ್‌ಗಳಲ್ಲಿ ಅದರ ಪ್ರಾಯೋಗಿಕ ಹಂತ ನಡೆದಿತ್ತು. ಸಾವಿರಾರು ಹೊಸ ಚಿಕಿತ್ಸಕರನ್ನು ಎರಡು ಸ್ತರಗಳಲ್ಲಿ ತರಬೇತುಗೊಳಿಸುವುದು ಅದರ ತಿರುಳು. 2015ರಲ್ಲಿ ಕಾಯುವ ಅವಧಿಗೂ ಮಿತಿ ಗೊತ್ತಾಯಿತು: ನೂರಕ್ಕೆ 75 ಮಂದಿಗೆ ಆರು ವಾರಗಳಲ್ಲಿ, 95 ಮಂದಿಗೆ ಹದಿನೆಂಟು ವಾರಗಳಲ್ಲಿ ಚಿಕಿತ್ಸೆ ಆರಂಭವಾಗಬೇಕು. ಆದರೆ ಅಳೆಯುವುದು ಮೊದಲ ಭೇಟಿಯವರೆಗಿನ ಕಾಲವನ್ನು. ಮೊದಲ ಭೇಟಿಯಾದ ಮೇಲೆ ಎರಡನೆಯದಕ್ಕಾಗಿ ಕಾಯುವ ತಿಂಗಳುಗಳು ಈ ಲೆಕ್ಕದ ಹೊರಗೆ ಉಳಿದವು.

ಮೆಟ್ಟಿಲುಗಳ ಕ್ರಮವೂ ಗೀಳಿನ ವಿಷಯದಲ್ಲಿ ಅಂದುಕೊಂಡಷ್ಟು ಸುಗಮವಾಗಲಿಲ್ಲ. ಮುಖ್ಯ ಚಿಕಿತ್ಸೆಗಾಗಿ ಕಾಯುತ್ತಿದ್ದ 473 ರೋಗಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪುಸ್ತಕ ಅಥವಾ ಕಂಪ್ಯೂಟರ್ ಆಧಾರಿತ ಕಿರು ಚಿಕಿತ್ಸೆಯಿಂದ ಮೂರು ತಿಂಗಳಲ್ಲಿ ಗಣನೀಯ ಸುಧಾರಣೆ ಕಾಣಲಿಲ್ಲವೆಂದೂ, ಆದರೆ ಅದನ್ನು ಪಡೆದವರಲ್ಲಿ ಮುಂದಿನ ಪೂರ್ಣ ಚಿಕಿತ್ಸೆಗೆ ಬಂದವರು ಕಡಿಮೆಯೆಂದೂ ತೋರಿಸಿತು. ಅಗ್ಗದ ಮೆಟ್ಟಿಲು ಕೆಲವರನ್ನು ಮೇಲಕ್ಕೇರಿಸದೆಯೇ ಮನೆಗೆ ಕಳುಹಿಸಿರಬಹುದೇ ಎಂಬ ಪ್ರಶ್ನೆಗೆ ಇದು ಎಡೆಮಾಡುತ್ತದೆ.

5. ಬೆಂಗಳೂರಿನ ನೆಲೆ

ಕರ್ನಾಟಕದಲ್ಲಿ ಈ ವಿದ್ಯೆಗೆ ಬೇಕಾದ ನೆಲವನ್ನು ಬಹಳ ಹಿಂದೆಯೇ ಹದಗೊಳಿಸಲಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿ ಆಕಾಶವಾಣಿಯೆಂಬ ಹೆಸರನ್ನು ಬಳಕೆಗೆ ತಂದವರು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ನೆಲೆಯಲ್ಲಿ 1954ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1955ರಲ್ಲಿ ಅಲ್ಲಿ ಮನೋವೈದ್ಯರ ಡಿಪ್ಲೊಮಾದ ಜೊತೆಯಲ್ಲೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾವೂ ಆರಂಭವಾಯಿತು. ದೇಶದಲ್ಲಿ ಚಿಕಿತ್ಸಾ ಮನೋವಿಜ್ಞಾನಿಗಳ ಕ್ರಮಬದ್ಧ ತರಬೇತಿಗೆ ಇದೇ ನಾಂದಿ. ಇಂಥ ಎರಡನೆಯ ಕೇಂದ್ರ ರಾಂಚಿಯಲ್ಲಿ 1962ರಲ್ಲಿ ಆರಂಭವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆಗಳು ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು.

ಕನ್ನಡದ ಓದುಗ ಲೋಕವೂ ಈ ಅರಿವಿಗೆ ಹೊರತಾಗಿರಲಿಲ್ಲ. ‘ರಾಶಿ’ ಎಂಬ ಹೆಸರಿನಿಂದ ನಾಡಿಗೆ ಪರಿಚಿತರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರ ಹಲವಾರು ಕಿರುಹೊತ್ತಗೆಗಳು ಮನೋರೋಗಗಳ ತಿಳಿವಳಿಕೆಯನ್ನು ಹಳ್ಳಿಯ ಗ್ರಂಥಾಲಯಗಳಿಗೆ ಮುಟ್ಟಿಸಿದವು. ರೋಗದ ಹೆಸರು ತಿಳಿಯುವುದು ಲಭ್ಯತೆಯ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಕನ್ನಡ ಬರಹ ಸಾಕಷ್ಟು ಗಟ್ಟಿಯಾಗಿ ಕಟ್ಟಿದೆ.

ಚಿಕಿತ್ಸೆಯ ಪರಿಣಾಮವೂ ಇಲ್ಲಿಯೇ ಪರೀಕ್ಷೆಗೊಳಗಾಗಿದೆ. ಔಷಧಕ್ಕೆ ಬಗ್ಗದ 31 ಗೀಳಿನ ರೋಗಿಗಳಿಗೆ ನಿಮ್ಹಾನ್ಸ್‌ನಲ್ಲಿ ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ ನೀಡಿ ಒಂದು ವರ್ಷ ಅನುಸರಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಕೊನೆಗೆ ಸುಮಾರು ಮುಕ್ಕಾಲು ಪಾಲು ರೋಗಿಗಳು ಸ್ಪಂದಿಸಿದ್ದರು. ಪಾಶ್ಚಾತ್ಯ ಚಿಕಿತ್ಸೆ ನಮ್ಮವರಿಗೆ ಒಗ್ಗುವುದಿಲ್ಲವೆಂಬ ಶಂಕೆಗೆ ಇದೊಂದು ಉತ್ತರ. 2017ರಲ್ಲಿ ಭಾರತೀಯ ಮನೋವೈದ್ಯ ಸಂಘ ಪ್ರಕಟಿಸಿದ ಗೀಳು ಮನೋರೋಗದ ಮಾರ್ಗಸೂಚಿಯನ್ನು ಸಿದ್ಧಪಡಿಸಿದವರು ನಿಮ್ಹಾನ್ಸ್‌ನ ಡಾ. ವೈ. ಸಿ. ಜನಾರ್ದನ ರೆಡ್ಡಿ ಮತ್ತು ಸಹೋದ್ಯೋಗಿಗಳು. ಅದರಲ್ಲಿಯೂ ಈ ಚಿಕಿತ್ಸೆಗೆ ಮೊದಲ ಸಾಲಿನ ಸ್ಥಾನವಿದೆ. ಹೀಗೆ ಶಿಫಾರಸಿನ ಮಟ್ಟದಲ್ಲಿ ಬೆಂಗಳೂರಿಗೂ ಲಂಡನ್ನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಸಂಸ್ಥೆಯ ಗೇಟಿನಿಂದ ಹೊರಗೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾಯಿತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸಬಹುದೆಂದು ತೋರಿಸಿದ ಮಾದರಿ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡ ಯೋಜನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಅತ್ಯಗತ್ಯವಾದ ಕೆಲವು ಔಷಧಗಳನ್ನು ಪೂರೈಸಿದ ಆ ಯೋಜನೆ ದೇಶಕ್ಕೇ ದಾರಿ ತೋರಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದುದು ಅದರ ಆಧಾರದ ಮೇಲೆಯೇ. ತೀವ್ರ ಮನೋವಿಕಾರ, ಅಪಸ್ಮಾರ ಮೊದಲಾದುವಕ್ಕೆ ಅದು ಆದ್ಯತೆ ನೀಡಿದುದು ಅಂದಿನ ಸಂದರ್ಭದಲ್ಲಿ ನ್ಯಾಯವೇ ಆಗಿತ್ತು. ಆದರೆ ಔಷಧದ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಕಟ್ಟಿದ ವ್ಯವಸ್ಥೆಯಲ್ಲಿ ಗಂಟೆಗಟ್ಟಲೆ ಕುಳಿತು ಮಾಡುವ ಚಿಕಿತ್ಸೆಗೆ ಸ್ಥಳ ಸಿಗಲಿಲ್ಲ. ಮುಂದೆ ಜಿಲ್ಲಾ ತಂಡದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯ ಹುದ್ದೆ ಸೇರಿತು. 2014ರಲ್ಲಿ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಿಂದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವಂತಾಯಿತು. ಇವು ಮಹತ್ವದ ಹೆಜ್ಜೆಗಳು. ಆದರೆ ಸಾಲುಗಟ್ಟಿ ನಿಂತ ರೋಗಿಗಳಿರುವ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ಕೆಲವು ನಿಮಿಷಗಳಲ್ಲಿ ಔಷಧವನ್ನು ಬರೆಯಬಹುದೇ ಹೊರತು ಇ.ಆರ್.ಪಿ. ನಡೆಸಲಾಗದು.

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 0.8 ಮಂದಿ ಆಗ ಗೀಳು ಮನೋರೋಗದಿಂದ ಬಳಲುತ್ತಿದ್ದರು. ಬೆಂಗಳೂರಿನಿಂದ ನಡೆಸಲ್ಪಟ್ಟ ಈ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಬಹುತೇಕ ಮನೋರೋಗಗಳಲ್ಲಿ ಚಿಕಿತ್ಸೆಯ ಅಂತರ ಶೇಕಡ 70ಕ್ಕಿಂತ ಹೆಚ್ಚೆಂದು ಆ ವರದಿ ಹೇಳುತ್ತದೆ. ಯಾವುದೇ ಚಿಕಿತ್ಸೆಯನ್ನು ಪಡೆಯದವರ ಲೆಕ್ಕವದು. ಶಿಫಾರಸಾದ ಮನೋವೈಜ್ಞಾನಿಕ ಚಿಕಿತ್ಸೆಯನ್ನು ಪಡೆಯದವರ ಅಂತರ ಅದಕ್ಕಿಂತ ದೊಡ್ಡದಿರಲೇಬೇಕು.

6. ಗಂಟೆಗಳ ಲೆಕ್ಕ

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಿ ನೋಡಬಹುದು. 15 ಲಕ್ಷ ವಯಸ್ಕರಿರುವ ಒಂದು ಜಿಲ್ಲೆಯನ್ನು ಊಹಿಸೋಣ. ಶೇಕಡ 0.8ರಂತೆ ಅಲ್ಲಿ 12,000 ಮಂದಿ ಗೀಳಿನ ರೋಗಿಗಳಿರುತ್ತಾರೆ. ಫೋವಾ ಅವರ ತೀವ್ರ ಕ್ರಮದಲ್ಲಿರುವಂತೆ ಎರಡೆರಡು ಗಂಟೆಯ 15 ಭೇಟಿಗಳೆಂದರೆ ಒಬ್ಬರಿಗೆ 30 ಗಂಟೆ. ಜಿಲ್ಲೆಗೆ ಒಬ್ಬ ಚಿಕಿತ್ಸಾ ಮನೋವಿಜ್ಞಾನಿ ಇದ್ದು, ವಾರಕ್ಕೆ 20 ಗಂಟೆಯಂತೆ ವರ್ಷಕ್ಕೆ 48 ವಾರ ಬೇರಾವ ರೋಗಿಯನ್ನೂ ನೋಡದೆ ಇದನ್ನೇ ಮಾಡಿದರೂ 960 ಗಂಟೆಗಳಾಗುತ್ತವೆ; ಅಂದರೆ ವರ್ಷಕ್ಕೆ 32 ಮಂದಿ. 12,000 ಮಂದಿಗೆ 375 ವರ್ಷಗಳು ಬೇಕು. ಚಿಕಿತ್ಸೆಯನ್ನು 10 ಗಂಟೆಗೆ ಇಳಿಸಿದರೂ 125 ವರ್ಷಗಳು.

ತಜ್ಞರ ಸಂಖ್ಯೆಯನ್ನು ಎರಡರಷ್ಟೋ ಐದರಷ್ಟೋ ಮಾಡುವುದರಿಂದ ಈ ಅಂತರ ಮುಚ್ಚುವುದಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯು ಚಿಕಿತ್ಸಾ ಮನೋವಿಜ್ಞಾನಿಯ ಅರ್ಹತೆಯನ್ನೂ ನೋಂದಣಿಯನ್ನೂ ನಿಯಮಬದ್ಧಗೊಳಿಸಿತು. ಅಪ್ರಬುದ್ಧರ ಕೈಯಿಂದ ರೋಗಿಯನ್ನು ರಕ್ಷಿಸಲು ಅದು ಅಗತ್ಯವೇ ಆಗಿತ್ತು. ಆದರೆ ಬಾಗಿಲನ್ನು ಕಾಯುವುದಷ್ಟೇ ಆಗಿ, ಒಳಗೆ ಬರುವವರ ಸಂಖ್ಯೆಯನ್ನು ಹೆಚ್ಚಿಸುವ ಮತ್ತು ಮಾರ್ಕ್ಸ್ ಮಾಡಿದಂತೆ ಬೇರೆ ವೃತ್ತಿಯವರನ್ನು ಮೇಲ್ವಿಚಾರಣೆಯಲ್ಲಿ ಸಿದ್ಧಗೊಳಿಸುವ ಕೆಲಸ ಅದೇ ಪ್ರಮಾಣದಲ್ಲಿ ನಡೆಯಲಿಲ್ಲ.

ಸಂಖ್ಯೆಯ ಜೊತೆಗೆ ಗುಣದ ಪ್ರಶ್ನೆಯೂ ಇದೆ. ಆಪ್ತಸಲಹೆ ಎಂಬ ಹೆಸರಿನಲ್ಲಿ ದೊರೆಯುವುದೆಲ್ಲ ಈ ಚಿಕಿತ್ಸೆಯಲ್ಲ. ‘ಏನೂ ಆಗುವುದಿಲ್ಲ, ಚಿಂತಿಸಬೇಡಿ’ ಎಂಬ ಸಮಾಧಾನದ ಮಾತು ಬೇರೆ ಸಂಕಟಗಳಲ್ಲಿ ಹಿತವಾದರೂ ಗೀಳಿನಲ್ಲಿ ಅಪಾಯಕಾರಿ. ಪದೇ ಪದೇ ಭರವಸೆ ಕೇಳುವುದೇ ಈ ರೋಗದ ಒಂದು ಒತ್ತಾಯದ ಕ್ರಿಯೆ. ಭರವಸೆ ಕೊಡುತ್ತಾ ಹೋಗುವ ಸಲಹೆಗಾರ ತನಗರಿವಿಲ್ಲದೆ ರೋಗದ ಸಹಾಯಕನಾಗುತ್ತಾನೆ. ಮನೆಯವರ ವಿಷಯವೂ ಹೀಗೆಯೇ. ರೋಗಿಯ ಸಂಕಟ ನೋಡಲಾರದೆ ಅವರೂ ಬಾಗಿಲಲ್ಲೇ ಬಟ್ಟೆ ಬದಲಿಸುತ್ತಾರೆ, ಕೇಳಿದಾಗಲೆಲ್ಲ ‘ತೊಳೆದಿದ್ದೇನೆ’ ಎಂದು ಉತ್ತರಿಸುತ್ತಾರೆ. ಇದರಿಂದ ಗೀಳು ತಣಿಯುವುದಿಲ್ಲ, ಬೇರೂರುತ್ತದೆ. ಆದುದರಿಂದ ಒಡ್ಡುವಿಕೆಯೂ ತಡೆಯೂ ಇಲ್ಲದ ಹತ್ತು ಭೇಟಿಗಳನ್ನು ಅಂಕಿಅಂಶದಲ್ಲಿ ಚಿಕಿತ್ಸೆಯೆಂದು ಸೇರಿಸಿದರೆ ಲಭ್ಯತೆ ಹೆಚ್ಚಿದಂತೆ ಕಾಣುತ್ತದೆಯೇ ಹೊರತು ಹೆಚ್ಚಿರುವುದಿಲ್ಲ. ಚಿಕಿತ್ಸೆ ಮಾಡಿಸಿಯೂ ಗುಣವಾಗಲಿಲ್ಲವೆಂದು ಕೈಚೆಲ್ಲುವ ರೋಗಿಗಳಲ್ಲಿ ಎಷ್ಟು ಮಂದಿಗೆ ನಿಜವಾದ ಚಿಕಿತ್ಸೆ ದೊರೆತಿತ್ತೆಂಬುದನ್ನು ಕೇಳಲೇಬೇಕು.

7. ಕಾನೂನಿನ ಮಾತು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂದಿತು. ಸರ್ಕಾರಿ ಸೇವೆಯ ಮೂಲಕ ಮಾನಸಿಕ ಆರೋಗ್ಯ ಆರೈಕೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದು ಸಾರಿತು. 1912ರ ಹುಚ್ಚರ ಕಾಯಿದೆಯಿಂದ ಇಲ್ಲಿಗೆ ನಾವು ನಡೆದುಬಂದ ದಾರಿ ಬಹಳ ದೊಡ್ಡದು. ಆದರೂ ಒಂದು ವೈಲಕ್ಷಣ್ಯ ಗಮನಾರ್ಹ. ಅತ್ಯಗತ್ಯ ಔಷಧಗಳ ಪಟ್ಟಿಯನ್ನು ಸರ್ಕಾರ ಪ್ರಕಟಿಸಬೇಕು, ಆ ಪಟ್ಟಿಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟು ಎಲ್ಲೆಡೆ ಉಚಿತವಾಗಿ ದೊರೆಯಬೇಕೆಂದು ಕಾಯಿದೆ ಸ್ಪಷ್ಟವಾಗಿ ವಿಧಿಸುತ್ತದೆ. ಅತ್ಯಗತ್ಯ ಮನೋಚಿಕಿತ್ಸೆಗಳ ಇಂಥದೊಂದು ಪಟ್ಟಿಯನ್ನು ಅದು ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಔಷಧದ ಶಿಫಾರಸು ಕರ್ತವ್ಯವಾಗಿ, ಮನೋಚಿಕಿತ್ಸೆಯ ಶಿಫಾರಸು ಸೂಚನೆಯಾಗಿ ಉಳಿದಂತೆಯೇ ಇಲ್ಲಿಯೂ ಆಗಿದೆ. ಮಾತ್ರೆ ಇಲ್ಲದಿದ್ದರೆ ಪಟ್ಟಿಯನ್ನು ತೋರಿಸಿ ಕೇಳಬಹುದು. ಚಿಕಿತ್ಸಕನಿಲ್ಲದಿದ್ದರೆ ತೋರಿಸಲು ಪಟ್ಟಿಯಿಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯ ಕೇಂದ್ರಸ್ಥಾನವೂ ನಿಮ್ಹಾನ್ಸ್ ಆಗಿದೆ. ಮನೆಯಲ್ಲೇ ಕುಳಿತು ಕನ್ನಡದಲ್ಲಿ ಮಾತನಾಡುವ ಅವಕಾಶ ನಾಚಿಕೆಯ ಗೋಡೆಯನ್ನು ಕೆಡವಲು ನೆರವಾಗಬಲ್ಲದು. ಗೀಳು ಹುಟ್ಟುವುದೂ ಮನೆಯ ಬಚ್ಚಲಿನಲ್ಲಿ, ಬಾಗಿಲಲ್ಲಿ, ದೇವರ ಕೋಣೆಯಲ್ಲಿ ಆದುದರಿಂದ, ದೂರದಿಂದಲೇ ಮಾರ್ಗದರ್ಶನ ನೀಡಿ ಅಲ್ಲಿಯೇ ಚಿಕಿತ್ಸೆ ನಡೆಸುವ ಸಾಧ್ಯತೆ ವಿಚಾರಾರ್ಹ. ಆದರೆ ತಂತಿಯ ಆ ತುದಿಯಲ್ಲಿಯೂ ತರಬೇತಾದ ವ್ಯಕ್ತಿಯೊಬ್ಬ ಕುಳಿತಿರಲೇಬೇಕೆಂಬುದನ್ನು ಮರೆಯುವಂತಿಲ್ಲ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ನಿಲುವುಗಳಿಗೆ ಬರಬಹುದು. ಗೀಳಿನ ಮನೋವೈಜ್ಞಾನಿಕ ಚಿಕಿತ್ಸೆಗೆ ಪುರಾವೆಯ ಕೊರತೆ 1970ರ ದಶಕದ ನಂತರ ಇರಲಿಲ್ಲ. ಶಿಫಾರಸಿನ ಕೊರತೆ 2005ರ ನಂತರ ಇಂಗ್ಲೆಂಡಿನಲ್ಲೂ, 2017ರ ನಂತರ ಭಾರತದಲ್ಲೂ ಇಲ್ಲ. ಎರಡೂ ಕಡೆ ಕೊರತೆಯಾಗಿ ಉಳಿದುದು ಅದನ್ನು ಮಾಡುವ ಕೈಗಳು. ಲಭ್ಯತೆ ನಿಜವಾಗಿ ಹಿಗ್ಗಿದ ಸಂದರ್ಭಗಳನ್ನು ನೋಡಿದರೆ, ಅವೆಲ್ಲವೂ ಯಾರು ಚಿಕಿತ್ಸೆ ಮಾಡಬಹುದೆಂಬುದನ್ನು ಹೊಸದಾಗಿ ನಿರ್ಧರಿಸಿದ ಸಂದರ್ಭಗಳು: ಮಿಡ್ಲ್‌ಸೆಕ್ಸ್‌ನ ವಾರ್ಡು, 1972ರ ಐದು ಮಂದಿ ದಾದಿಯರು, 1955ರ ಬೆಂಗಳೂರಿನ ಡಿಪ್ಲೊಮಾ, 2008ರ ಇಂಗ್ಲೆಂಡಿನ ಹೊಸ ಚಿಕಿತ್ಸಕ ವರ್ಗ. ಅದರೊಡನೆ, ಕಿರಿದುಗೊಳಿಸಿದ ಚಿಕಿತ್ಸೆ ಎಲ್ಲರಿಗೂ ಸಾಲದೆಂಬ ಎಚ್ಚರಿಕೆಯನ್ನೂ ಇದೇ ಚರಿತ್ರೆ ನೀಡುತ್ತದೆ. ತರಬೇತಿಯಷ್ಟೇ ಮೇಲ್ವಿಚಾರಣೆಯೂ, ಎಣಿಕೆಯಷ್ಟೇ ಗುಣವೂ ಮುಖ್ಯ.

ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೀವ್ರ ಮನೋವಿಕಾರದ ಚಿಕಿತ್ಸೆಯನ್ನು ಕಲಿಸಬಹುದೆಂದು ನಲವತ್ತು ವರ್ಷಗಳ ಹಿಂದೆ ಯಾರೂ ಸುಲಭವಾಗಿ ನಂಬುತ್ತಿರಲಿಲ್ಲ. ಅದನ್ನು ಮಾಡಿ ತೋರಿಸಿದ ನಾಡಿಗೆ, ಜಿಲ್ಲಾ ಆಸ್ಪತ್ರೆಯ ದಾದಿಯರನ್ನೂ ಮನೋಸಾಮಾಜಿಕ ಕಾರ್ಯಕರ್ತರನ್ನೂ ಈ ಚಿಕಿತ್ಸೆಗೆ ಸಿದ್ಧಗೊಳಿಸುವುದು ಅಸಾಧ್ಯವಾಗಬಾರದು. ಅಂಥ ಪ್ರಯತ್ನ ನಡೆದು ಅದರ ಫಲಾಫಲಗಳು ದಾಖಲಾದಾಗ ಈ ಚರಿತ್ರೆಗೆ ಮುಂದಿನ ಅಧ್ಯಾಯ ಸೇರುತ್ತದೆ. ಅಲ್ಲಿಯವರೆಗೆ, ಹಾಸನದ ಅಥವಾ ರಾಯಚೂರಿನ ಯಾವುದೋ ಮನೆಯ ಬಚ್ಚಲಿನಲ್ಲಿ ಮೂರನೆಯ ಗಂಟೆಯೂ ಕೈ ತೊಳೆಯುತ್ತಾ ನಿಂತವರ ಪಾಲಿಗೆ ಶಿಫಾರಸೆಂಬುದು ದೂರದ ಊರಿನ ಗ್ರಂಥಾಲಯದಲ್ಲಿರುವ ಒಂದು ಪುಟವಾಗಿಯೇ ಉಳಿಯುತ್ತದೆ.